ಭಾವನ ಕ್ಯಾಲ್ಕುಲೇಟರೂ ರಥಸಪ್ತಮಿಯ ಬೆಳಕೂ

ಅಕ್ಕಿ ಹರಡಿದ ಹರಿವಾಣದಲ್ಲಿ ನನ್ನ ಬೆರಳು ಹಿಡಿದು ಮೊದಲ ಅಕ್ಷರವನ್ನೂ ಮೊದಲ ಅಂಕಿಯನ್ನೂ ತಿದ್ದಿಸಿದ ಗುರುಗಳಿಗೆ ನಮಸ್ಕಾರ. ಅಕ್ಷರ ನನಗೆ ಒಲಿಯಿತು, ಅಂಕಿ ಒಲಿಯಲಿಲ್ಲ. ಒಲಿಯದಿದ್ದರೂ ಇಷ್ಟು ಕಾಲ ನನ್ನನ್ನು ಕ್ಷಮಿಸಿಕೊಂಡು ಬಂದ ಗಣಿತದ ಅಧಿದೇವತೆಗೂ, ಅಂಥವಳೊಬ್ಬಳು ಇದ್ದರೆ, ನಮಸ್ಕಾರ. ಅಕ್ಷರದವನನ್ನೂ ಅಂಕಿಯವರನ್ನೂ ಒಂದೇ ಜಗಲಿಯ ಮೇಲೆ ಕೂರಿಸಿ ಕಾಫಿ ಕೊಟ್ಟ ನನ್ನ ಅಕ್ಕನ ಮನೆಗೆ ನಮಸ್ಕಾರ. ಕೃತಜ್ಞತೆಯನ್ನು ಮೊದಲೇ ಹೇಳಿ ಮುಗಿಸುವುದು ಕ್ಷೇಮ. ಹೇಳಹೊರಟಿರುವುದು ಭಾವನ ವಿಷಯವಾದ್ದರಿಂದ, ಆಮೇಲೆ ನನ್ನ ಗಾಂಭೀರ್ಯ ಉಳಿದೀತೆಂಬ ಭರವಸೆ ನನಗಿಲ್ಲ!

ನನ್ನ ಭಾವ, ಎಂದರೆ ಅಕ್ಕನ ಯಜಮಾನರು, ದಿನಕ್ಕೆ ಮೂರು ಹೊತ್ತು ತಪ್ಪದೆ ಪೂಜೆ ಮಾಡುವವರು. ದೇವರಿಗಲ್ಲ! ಅಂಗೈಗಿಂತ ತುಸು ದೊಡ್ಡದಾದ ಒಂದು ಕ್ಯಾಲ್ಕುಲೇಟರಿಗೆ. ಅಂಗಡಿಯ ಮೇಜಿನ ಮೇಲಿರುವಂಥದ್ದಲ್ಲ ಅದು. ಮೈತುಂಬ ಗುಂಡಿಗಳು, ನೆತ್ತಿಯ ಮೇಲೊಂದು ಮಸುಕಾದ ಕಿಟಕಿ. ಸಮೀಕರಣವೊಂದನ್ನು ಉಣಿಸಿದರೆ ಆ ಕಿಟಕಿಯಲ್ಲಿ ಚುಕ್ಕೆಯ ಪಕ್ಕಕ್ಕೆ ಚುಕ್ಕೆ ಮೂಡುತ್ತ, ಮಂಜಿನಿಂದ ಬೆಟ್ಟದ ಅಂಚು ತೋರಿಬರುವಂತೆ, ಗೆರೆಯೊಂದು ಮೆಲ್ಲಗೆ ಏರಿ ಮೆಲ್ಲಗೆ ಇಳಿಯುತ್ತದೆ. ಲೆಕ್ಕದ ಕ್ರಮವನ್ನು ಒಮ್ಮೆ ಬರೆದು ಕಲಿಸಿಟ್ಟರೆ ನೆನಪಿಟ್ಟುಕೊಂಡು ಕೇಳಿದಾಗಲೆಲ್ಲ ಮಾಡಿಕೊಡುತ್ತದೆ. ಭಾವ ಚೆಟ್ಟಳ್ಳಿಯ ಕಾಫಿ ಎಸ್ಟೇಟೊಂದರಲ್ಲಿ ಲೆಕ್ಕ ಬರೆಯುವ ರೈಟರಾಗಿದ್ದಾಗ, ಕೆರೆಯ ಏರಿ ಅಳೆಯಲು ಬಂದಿದ್ದ ಎಂಜಿನಿಯರೊಬ್ಬರು ಹೊರಡುವ ದಿನ ಕೈಗಿತ್ತು ಹೋದ ಪ್ರಸಾದ ಅದು. ಭಾವ ನಿವೃತ್ತರಾದ ಮೇಲೆ ಅದೇ ಎಸ್ಟೇಟಿನ ಅಂಚಿನ ಪುಟ್ಟ ಮನೆಯಲ್ಲಿ ಕ್ಯಾಲ್ಕುಲೇಟರು, ಭಾವ ಮತ್ತು ಅಕ್ಕ ವಾಸವಾಗಿದ್ದಾರೆ. ಹೆಸರುಗಳ ಈ ಕ್ರಮ ನನ್ನದಲ್ಲ, ಅಕ್ಕನದು!

"ಭಾವ, ಇದೆಲ್ಲ ಈಗ ಫೋನಲ್ಲೇ ಬರ್ತದಂತಲ್ಲ?" ಎಂದು ಒಮ್ಮೆ ಕೇಳಿ ನಾನು ಕೆಟ್ಟೆ.

"ದೇವರು ಕ್ಯಾಲೆಂಡರಿನಲ್ಲೂ ಇರ್ತಾನೆ ಪಂಡಿತರೇ. ಮತ್ತೆ ನೀವ್ಯಾಕೆ ಚಪ್ಪಲಿ ಬಿಟ್ಟು ದೇವಸ್ಥಾನದ ಒಳಗೆ ಹೋಗೋದು?"

ಹೈಸ್ಕೂಲಿನಲ್ಲಿ ಒಂದು ಆಯುಷ್ಯ ಸಂಸ್ಕೃತ ಕಲಿಸಿದ ನಾನು ಫೋನನ್ನು ಜೇಬಿಗಿಳಿಸಿ ಕಾಫಿ ಲೋಟ ಎತ್ತಿಕೊಂಡೆ.

ಒಬ್ಬರಿಗೇ ಇಂಥ ಭಕ್ತಿ ಇದ್ದರೆ ಜನ ಅದನ್ನು ಹುಚ್ಚು ಎನ್ನುತ್ತಾರೆ. ಮೂವರಿಗೆ ಇದ್ದರೆ ಸತ್ಸಂಗವಾಗುತ್ತದೆ. ತಿಂಗಳ ಮೊದಲ ಭಾನುವಾರ ಭಾವನ ಜಗಲಿಯಲ್ಲಿ ಈ ಸತ್ಸಂಗ ಸೇರುತ್ತದೆ. ಶ್ರೀಮಂಗಲದಿಂದ ನಿವೃತ್ತ ಸರ್ವೆಯರೊಬ್ಬರು ಬರುತ್ತಾರೆ. ಕೆಲಸ ಬಿಟ್ಟರೂ ಅಳತೆ ಬಿಡದವರು, ಕಾಫಿ ಲೋಟವನ್ನು ಎತ್ತುವಾಗಲೂ ಒಂದು ಕಣ್ಣು ಮುಚ್ಚಿ ಮಟ್ಟ ನೋಡುವವರು. ಶಿರಂಗಾಲದಿಂದ ಗಣಿತದ ಟೀಚರೊಬ್ಬರು ಬರುತ್ತಾರೆ. ಹಾಸನದ ಕಡೆಯಿಂದ ಬಂದು ನೆಲೆಸಿದ ಬೇಸಾಯಗಾರರ ಮನೆಯ ಮಗಳು. ಮಾತು ಕಡಿಮೆ, ಆಡಿದರೆ ಸಮೀಕರಣದಂತೆ ಎರಡೂ ಕಡೆ ಸರಿ. ಮೂವರೂ ತಮ್ಮ ತಮ್ಮ ಯಂತ್ರಗಳನ್ನು ಬಟ್ಟೆಯ ಚೀಲದಿಂದ ಹೊರತೆಗೆದು ಎದುರಿಗಿಟ್ಟುಕೊಂಡರೆ, ಸಾಲಿಗ್ರಾಮಗಳ ನೆನಪಾಗಿ ನಾನು ಅರಿಯದೆಯೇ ಕಾಲು ಮಡಚಿ ಕೂರುತ್ತೇನೆ.

ಅಲ್ಲಿ ನಡೆಯುವ ಉಪದೇಶಗಳಾದರೂ ಎಂಥವು! ಸೆಲ್ಲುಗಳನ್ನು ಒಮ್ಮೆಲೇ ತೆಗೆಯಬಾರದು, ಒಂದೊಂದಾಗಿ ಬದಲಿಸಬೇಕು. ಇಲ್ಲವಾದರೆ ಯಂತ್ರಕ್ಕೆ ಪೂರ್ವಜನ್ಮ ಮರೆತುಹೋಗುತ್ತದೆ. ಸೆಲ್ಲು ತಾಗುವ ತಗಡು ಮಂಕಾದರೆ ಪೆನ್ಸಿಲಿನ ರಬ್ಬರಿನಿಂದ ಉಜ್ಜಬೇಕು. ಮಳೆಗಾಲದಲ್ಲಿ ಯಂತ್ರದ ಕಿಟಕಿಗೆ ಬೂಸರು ಹಿಡಿಯದಂತೆ ಅಕ್ಕಿಯ ಡಬ್ಬದಲ್ಲಿ ಹೂತಿಡಬೇಕು. ಈ ಕೊನೆಯ ಉಪದೇಶ ಸರ್ವೆಯರದು. ಭಾವ ಅದನ್ನು ಕೂಡಲೇ ಪಾಲಿಸಿದರು. ಅಕ್ಕನಿಗೆ ಹೇಳುವುದನ್ನು ಮಾತ್ರ ಮರೆತರು. ಮಾರನೆಯ ದಿನ ಅಡುಗೆಮನೆಯಿಂದ ಕೂಗು ಕೇಳಿಸಿತು.

"ರೀ, ನಿಮ್ಮದು ಅನ್ನಕ್ಕೆ ಹಾಕೋದೋ, ಸಾರಿಗೆ ಹಾಕೋದೋ?"

ಇನ್ನೊಂದು ಭಾನುವಾರ ಸರ್ವೆಯರು ಕನ್ನಡಕ ಏರಿಸಿ, ಸಾವಿನ ಸುದ್ದಿ ಓದುವ ಧ್ವನಿಯಲ್ಲಿ, ಬಣ್ಣದ ಕಿಟಕಿಯಿರುವ ಹೊಸ ಯಂತ್ರವೊಂದು ಬಂದಿದೆಯೆಂದು ಫೋನಿನಿಂದ ಓದಿದರು. ಲೋಕದ ಎಲ್ಲೆಲ್ಲೋ ಇರುವ ಇಂಥದೇ ಭಕ್ತರ ಗುಂಪೊಂದು ಅವರ ಫೋನುಗಳಲ್ಲಿದೆ. ಸುದ್ದಿ ಅಲ್ಲಿಂದ ಬರುತ್ತದೆ.

"ಬಣ್ಣ ಬಂತಾ?" ಎಂದರು ಭಾವ. "ಇನ್ನು ಭಕ್ತಿ ಹೋಯ್ತು."

"ಎಂತ ಮಾಡೋದು ಮಾರಾಯ್ರೆ, ಕಲಿಗಾಲ" ಎಂದರು ಸರ್ವೆಯರು.

ಯಂತ್ರದ ನೆನಪು ಕಿರಿದಾದ್ದರಿಂದ ಬರೆಯುವ ಕ್ರಮದಲ್ಲಿ ಒಂದು ಚಿಹ್ನೆ ಉಳಿತಾಯವಾದರೂ ಅವರಿಗೆ ಹಬ್ಬ. ಸಾಲಿನ ಕೊನೆಯಲ್ಲಿ ಆವರಣ ಚಿಹ್ನೆಯನ್ನು ಮುಚ್ಚದೆ ಬಿಟ್ಟರೂ ಯಂತ್ರ ಅರ್ಥಮಾಡಿಕೊಳ್ಳುತ್ತದೆ ಎಂದು ಟೀಚರು ತೋರಿಸಿಕೊಟ್ಟ ದಿನ ಭಾವ ಪಾಯಸ ಮಾಡಿಸಿದರು. ಸೂತ್ರದಲ್ಲಿ ಅರ್ಧ ಮಾತ್ರೆ ಉಳಿಸಿ ಹಿಗ್ಗುತ್ತಿದ್ದ ನಮ್ಮ ಹಳೆಯ ವೈಯಾಕರಣರ ಕುಲ ಇನ್ನೂ ಅಳಿದಿಲ್ಲವೆಂದು ನನಗೂ ಕಣ್ಣು ತೇವವಾಯಿತು. ಆದರೆ ಭಾವ ಆ ತತ್ತ್ವವನ್ನು ಯಂತ್ರಕ್ಕಷ್ಟೇ ಬಿಟ್ಟರೇ? ಬೀರು, ಡಬ್ಬ, ಹಿತ್ತಿಲ ಬಾಗಿಲು, ಯಾವುದನ್ನೂ ಮುಚ್ಚದಾದರು!

"ತೆರೆದದ್ದು ಒಂದು ದಿನ ಮುಚ್ಚಲೇಬೇಕು ಅಂತ ಎಲ್ಲರಿಗೂ ಗೊತ್ತಿರ್ತದೆ. ಮತ್ತೆ ಯಾಕೆ ಶ್ರಮ?" ಎಂದು ಅವರ ವಾದ.

"ಗೊತ್ತಿತ್ತು ಕಣ್ರೀ, ಪಕ್ಕದ ಕೂಲಿಲೈನಿನ ನಾಯಿಗೂ ಗೊತ್ತಿತ್ತು" ಎಂದಳು ಅಕ್ಕ, ಖಾಲಿಯಾದ ಹಾಲಿನ ಪಾತ್ರೆಯನ್ನು ಎತ್ತಿ ತೋರಿಸುತ್ತ.

ಹೀಗೆ ನಗುನಗುತ್ತ ಹೋಗುತ್ತಿದ್ದ ಮನೆಯಲ್ಲಿ ಕಳೆದ ಚಳಿಗಾಲದಲ್ಲಿ ಅಕ್ಕ ಬಿದ್ದಳು. ಕಾಫಿ ಒಣಗಿಸುವ ಕಣಕ್ಕೆ ಇಳಿಯುವಾಗ ಇಬ್ಬನಿಯ ಮೆಟ್ಟಿಲಲ್ಲಿ ಕಾಲು ಜಾರಿ ಸೊಂಟದ ಮೂಳೆ ಬಿರುಕುಬಿಟ್ಟಿತು. ಡಾಕ್ಟರು ಎರಡು ತಿಂಗಳು ಹಾಸಿಗೆಯಿಂದ ಕದಲಕೂಡದೆಂದರು. ಎತ್ತಿ ಹೊರಗೆ ಕೂರಿಸುವುದೂ ಬೇಡವೆಂದರು. ಪಶ್ಚಿಮಕ್ಕೆ ಒಂದೇ ಕಿಟಕಿಯಿರುವ ಒಳಕೋಣೆಯಲ್ಲಿ ಅವಳ ಮಂಚ ಬಿತ್ತು.

ನಮ್ಮ ತಾಯಿ ಕಲಿಸಿದ್ದು: ಬುದ್ಧಿ ಬಂದಂದಿನಿಂದ ಅಕ್ಕ ಒಂದು ದಿನವೂ ಉದಯಿಸುವ ಸೂರ್ಯನಿಗೆ ಅರ್ಘ್ಯ ಕೊಡದೆ ಬಾಯಿಗೆ ನೀರು ಹಾಕಿದವಳಲ್ಲ. ಮಳೆಗಾಲದ ಮೋಡಕ್ಕೂ ಬಿಡದೆ, ಇಂಥ ಕಡೆ ಇರಬಹುದೆಂದು ಊಹಿಸಿ ಕೊಡುತ್ತಿದ್ದಳು. ಈಗ ಸೂರ್ಯ ಹುಟ್ಟುವುದು ಅವಳ ತಲೆಯ ಹಿಂದಿನ ಗೋಡೆಯ ಆಚೆ. ರಥಸಪ್ತಮಿ ಹತ್ತಿರ ಬರುತ್ತಿತ್ತು. ಸೂರ್ಯ ತನ್ನ ರಥವನ್ನು ತಿರುಗಿಸುವ ದಿನ. ಒಂದು ಬೆಳಗ್ಗೆ, ಯಾರಿಗೂ ಅಲ್ಲವೆಂಬಂತೆ, ಅಕ್ಕ ಅಂದಳು:

"ಈ ಸಲ ಸಪ್ತಮಿಗೆ ನಾನಿಲ್ಲದೇನೇ ಹುಟ್ತಾನೆ."

ಅಂದು ಮಧ್ಯಾಹ್ನವೇ ಭಾವನಿಂದ ಸತ್ಸಂಗಕ್ಕೆ ಕರೆ ಹೋಯಿತು, ತಿಂಗಳ ಮೊದಲ ಭಾನುವಾರ ಅಲ್ಲದಿದ್ದರೂ!

ಉಪಾಯ ಹೀಗಿತ್ತು. ಕಣದ ಪಶ್ಚಿಮದ ಅಂಚಿನಲ್ಲಿ, ಮನೆಯ ನೆರಳು ತಾಗದ ಕಡೆ, ಒಂದು ಕಂಬ. ಕಂಬಕ್ಕೆ ಅಕ್ಕನದೇ ಬೀರುವಿನಿಂದ ಬಿಚ್ಚಿದ ಕನ್ನಡಿ. ಬೆಟ್ಟ ದಾಟಿದ ಮೊದಲ ಕಿರಣ ಕನ್ನಡಿಗೆ ಬಿದ್ದು, ಹಿಂತಿರುಗಿ, ಕಿಟಕಿಯಿಂದ ಒಳಹೊಕ್ಕು ಅಕ್ಕನ ಕೈಗೆ ಬರಬೇಕು. ಕನ್ನಡಿಯನ್ನು ಯಾವ ದಿನ ಎಷ್ಟು ತಿರುಗಿಸಬೇಕು, ಎಷ್ಟು ಬಾಗಿಸಬೇಕು? ಅದನ್ನು ಯಂತ್ರ ಹೇಳಬೇಕು. ಸರ್ವೆಯರು ತಮ್ಮ ಹಳೆಯ ಮೂರುಕಾಲಿನ ಉಪಕರಣವನ್ನು ಜೀಪಿನಲ್ಲಿ ತಂದು ಬೆಟ್ಟದ ಅಂಚನ್ನೂ ಕಿಟಕಿಯ ಎತ್ತರವನ್ನೂ ಅಳೆದರು. ಟೀಚರು ಲೆಕ್ಕದ ಕ್ರಮ ಬರೆದರು. ಭಾವ ಅದನ್ನು ಒಂದೊಂದೇ ಗುಂಡಿ ಒತ್ತಿ ಯಂತ್ರಕ್ಕೆ ಬಾಯಿಪಾಠ ಮಾಡಿಸಿದರು. ತಿಥಿ ಇಂಗ್ಲಿಷ್ ತಾರೀಕಿನಲ್ಲಿ ಯಾವಾಗ ಬೀಳುತ್ತದೆಂದು ಪಂಚಾಂಗ ನೋಡಿ ಹೇಳಿದ್ದು ನಾನು. ಗಣಿತಕ್ಕೆ ನನ್ನ ಜೀವಮಾನದ ಕಾಣಿಕೆ ಅಷ್ಟೇ!

"ಎಂತ ನಡೀತಿದೆ ಹೊರಗೆ?" ಎಂದು ಅಕ್ಕ ಕೇಳಿದರೆ, "ಕಣ ಮಟ್ಟ ಮಾಡ್ತಿದ್ದೇವೆ ಅಕ್ಕಮ್ಮ" ಎಂದು ಸರ್ವೆಯರು ಕಿಟಕಿಗೆ ಕೂಗಿ ಹೇಳುತ್ತಿದ್ದರು.

ಸಪ್ತಮಿಗೆ ಎರಡು ದಿನ ಮೊದಲು, ಕಿಟಕಿಯ ಪರದೆ ಎಳೆದು, ಗುಟ್ಟಾಗಿ ಪ್ರಯೋಗ ನಡೆಯಿತು. ಬೆಳಕು ಪರದೆಯ ನಟ್ಟನಡುವೆ ಬಂದು ಕುಳಿತಿತು. ಭಾವ, ಸರ್ವೆಯರು ಮತ್ತು ನಾನು, ಮೂವರು ಮುದುಕರು, ಕಾಫಿಯ ಹಣ್ಣು ಹರಡಿದ ಕಣದಲ್ಲಿ ಕೈಕೈ ಹಿಡಿದು ಕುಣಿದೆವು. ಟೀಚರು ಮಾತ್ರ, "ಸಾರ್, ಇನ್ನು ಅದನ್ನ ಮುಟ್ಟಬೇಡಿ" ಎಂದು ಹೇಳಿ ಬಸ್ಸು ಹತ್ತಿದರು.

ಮುಟ್ಟದೆ ಇರುತ್ತಾರೆಯೇ? ಸಪ್ತಮಿಯ ಹಿಂದಿನ ದಿನ ಸಂಜೆ ಫೋನಿನ ಗುಂಪಿಗೆ ಎಲ್ಲಿಂದಲೋ ಒಂದು ಹೊಸ ಸಮೀಕರಣ ಬಂತು, ತಾವರೆಯ ಹೂವನ್ನು ಬರೆಯುವಂಥದ್ದು. ಕೋನಗಳನ್ನು ಅಳೆಯಲು ಈ ಯಂತ್ರಕ್ಕೆ ಎರಡು ಪದ್ಧತಿಗಳಿವೆಯಂತೆ, ಡಿಗ್ರಿ ಮತ್ತು ರೇಡಿಯನ್. ನಮಗೆ ಚಾಂದ್ರಮಾನ, ಸೌರಮಾನ ಇದ್ದ ಹಾಗೆ. ಕನ್ನಡಿಯ ಲೆಕ್ಕ ಡಿಗ್ರಿಯದು. ತಾವರೆ ರೇಡಿಯನ್ನಿನದು. ಭಾವ ಪದ್ಧತಿ ಬದಲಿಸಿದರು. ತಾವರೆ ಎಸಳೆಸಳಾಗಿ ಅರಳಿತು. ಅದರ ಗುಂಗಿನಲ್ಲೇ ಯಂತ್ರವನ್ನು ಚೀಲಕ್ಕೆ ಹಾಕಿ ಮಲಗಿದರು.

ಸಪ್ತಮಿಯ ಬೆಳಗು. ಕಣಿವೆಯ ತುಂಬ ಮಂಜು ಹಾಲಿನಂತೆ ನಿಂತಿತ್ತು. ಮೇಲೆ ಬೆಟ್ಟದ ಅಂಚು ಮಾತ್ರ ಸ್ವಚ್ಛ. ಬಿಸಿಲು ತಾಗಿದ ಕೆಲವೇ ನಿಮಿಷಗಳಲ್ಲಿ ಈ ಮಂಜು ಮೇಲೆದ್ದು ಎಲ್ಲವನ್ನೂ ಮುಚ್ಚುವುದು ಇಲ್ಲಿಯ ಪದ್ಧತಿ. ಅಕ್ಕನ ತಲೆಗೂ ಭುಜಕ್ಕೂ ಎಕ್ಕದ ಎಲೆ ಮುಟ್ಟಿಸಿ, ಮುಖ ಒರೆಸಿ, ಕಿಟಕಿಯನ್ನು ಪೂರ್ತಿ ತೆರೆದಿಟ್ಟಿದ್ದೆವು. ಭಾವ ಯಂತ್ರ ಹೇಳಿದ ಎರಡು ಸಂಖ್ಯೆಗಳಿಗೆ ಕನ್ನಡಿಯನ್ನು ತಿರುಗಿಸಿ, ತಿರುಪು ಬಿಗಿದು ಕಾದರು. ಸೂರ್ಯ ಬೆಟ್ಟ ದಾಟಿದ. ಕಿರಣ ಕನ್ನಡಿಗೆ ಬಡಿಯಿತು. ಹಿಂತಿರುಗಿತು. ಅಕ್ಕನ ಕಿಟಕಿಯನ್ನು ಬಿಟ್ಟು ಪಕ್ಕದ ಅಡುಗೆಮನೆಯ ಕಿಟಕಿಗೆ ನುಗ್ಗಿ, ಮಾವಿನ ಮಿಡಿಯ ಉಪ್ಪಿನಕಾಯಿ ಜಾಡಿಗೆ ಪೂರ್ಣ ತೇಜಸ್ಸಿನಿಂದ ದರ್ಶನ ಕೊಟ್ಟಿತು!

"ಅಯ್ಯೋ ಮಾರಾಯ್ರೆ, ಸೂರ್ಯ ಮಿಡಿಗಾಯಿಗೆ ಹೋಯ್ತು!" ಎಂದು ಸರ್ವೆಯರು ಬೊಬ್ಬೆ ಹಾಕಿದರು.

ಆಗತಾನೆ ಗೇಟಿನೊಳಗೆ ಓಡಿಬರುತ್ತಿದ್ದ ಟೀಚರು ಯಂತ್ರದ ಕಿಟಕಿಗೆ ಒಮ್ಮೆ ಕಣ್ಣುಹಾಯಿಸಿದರು. "ಸಾರ್, ರೇಡಿಯನ್ನಲ್ಲಿದೆ! ನಿನ್ನೆ ಏನ್ ಮಾಡಿದ್ರಿ?"

"ತಾವರೆ" ಎಂದರು ಭಾವ, ಮಗ್ಗಿ ತಪ್ಪಿದ ಮಗುವಿನ ಹಾಗೆ.

"ಡಿಗ್ರಿಗೆ ಹಾಕಿ ಮತ್ತೆ ಓಡಿಸಿದ್ರೆ ನಾಲ್ಕು ನಿಮಿಷ ಬೇಕು, ಸಾರ್."

ಕಣಿವೆಯ ಮಂಜು ಮೇಲಕ್ಕೇಳತೊಡಗಿತ್ತು. ನಾಲ್ಕು ನಿಮಿಷ ಎಲ್ಲಿತ್ತು?

ಭಾವ ತಿರುಗಿ ಯಂತ್ರವನ್ನು ನನ್ನ ಕೈಗಿಟ್ಟರು. ಇಷ್ಟು ವರ್ಷಗಳಲ್ಲಿ ಅದನ್ನು ನಾನು ಮುಟ್ಟಿದ್ದು ಅದೇ ಮೊದಲು. ಅದು ಅವರ ಮೈಯಷ್ಟೇ ಬೆಚ್ಚಗಿತ್ತು. "ಹಿಡ್ಕೊಳ್ಳಿ ಪಂಡಿತರೇ" ಎಂದವರೇ ತಿರುಪುಗಳನ್ನು ಕಳಚಿ, ಆ ಭಾರದ ಕನ್ನಡಿಯನ್ನು ಎರಡೂ ತೋಳುಗಳಲ್ಲಿ ಎದೆಯ ಎತ್ತರಕ್ಕೆ ಎತ್ತಿ ನಿಂತರು. ಬೆಳಕು ಗೋಡೆಯ ಮೇಲೆ ದಾರಿ ತಪ್ಪಿದ ಹಕ್ಕಿಯಂತೆ ತಡಕಾಡಿತು, ಸೂರನ್ನು ಮುಟ್ಟಿತು, ಕಿಟಕಿಯ ಸರಳಿಗೆ ಬಂತು, ಒಳಗಿಳಿಯಿತು.

ನಾನು ಯಂತ್ರವನ್ನು ಎದೆಗವಚಿಕೊಂಡು ಅಕ್ಕನ ಕೋಣೆಗೆ ಓಡಿದೆ. ಅವಳ ಬೊಗಸೆ ಹೊದಿಕೆಯ ಮೇಲೆ ತೆರೆದಿತ್ತು. ಬೊಗಸೆಯ ತುಂಬ ಹೊಂಬಿಸಿಲು. ಭಾವನ ತೋಳು ನಡುಗಿದಂತೆಲ್ಲ ಅದೂ ನಡುಗುತ್ತಿತ್ತು, ತುಂಬಿದ ಬಟ್ಟಲಲ್ಲಿ ನೀರು ನಡುಗುವ ಹಾಗೆ. ಅಕ್ಕನ ತುಟಿ ಅಲುಗುತ್ತಿತ್ತು. ಅವಳು ಬೊಗಸೆಯನ್ನು ಮೆಲ್ಲನೆ ಓರೆಮಾಡಿ, ಆ ಬೆಳಕನ್ನೇ ಬೆಳಕಿಗೆ ಅರ್ಘ್ಯವಾಗಿ ಬಿಟ್ಟಳು. ಆಮೇಲೆ ಮಂಜು ಬಂತು, ಕೋಣೆ ಬೆಳ್ಳಗಾಯಿತು.

"ಹೊರಗೆ ಯಾರು ಹಿಡ್ಕೊಂಡಿದ್ದು?" ಎಂದಳು.

"ಭಾವ."

"ಅವರಿಗೆ ಬಿಸಿ ಕಾಫಿ ಕೊಡು. ಕೈ ಸೋತಿರ್ತದೆ."

ಮರುದಿನ ಟೀಚರು ತಾವೇ ನಿಂತು ಎಲ್ಲವನ್ನೂ ಡಿಗ್ರಿಗೆ ತಂದರು. ಬೆಳಕು ಕೂದಲೆಳೆಯಷ್ಟೂ ತಪ್ಪದೆ ಅಕ್ಕನ ಅಂಗೈಗೆ ಬಂದು ಅಲುಗದೆ ನಿಂತಿತು. ಮೂವರೂ ಬಾಗಿಲಲ್ಲಿ ನಿಂತು ಹೊಗಳಿಕೆಗೆ ಕಾದರು. ಅಕ್ಕ ನಮಸ್ಕರಿಸಿ, ಸ್ವಲ್ಪ ಹೊತ್ತು ಅಂಗೈಯನ್ನೇ ನೋಡಿ, "ಚೆನ್ನಾಗಿದೆ. ಆದ್ರೆ ನಿನ್ನೆಯದಕ್ಕೆ ಜೀವ ಇತ್ತು, ನಡುಗ್ತಿತ್ತು" ಎಂದಳು.

ಬೆಳಕನ್ನು ನಡುಗಿಸುವುದು ಹೇಗೆಂದು ಭಾವ ಅಂದೇ ಫೋನಿನ ಗುಂಪಿಗೆ ಬರೆದರು. ಎಲ್ಲೆಲ್ಲಿಂದಲೋ ಅಲೆಗಳ ಸಮೀಕರಣಗಳು ಬಂದವು. ಪುಟ್ಟ ಮೋಟಾರು ಜೋಡಿಸಿ ಎಂದೂ ಯಾರೋ ಬರೆದರು. ಭಾವ ಎಲ್ಲರಿಗೂ ಧನ್ಯವಾದ ಹೇಳಿದರು. ಆಮೇಲೆ ಕಣಕ್ಕೆ ಹೋಗಿ, ಕನ್ನಡಿಯ ಒಂದು ತಿರುಪನ್ನು ಗಾಳಿ ಅಲುಗಿಸುವಷ್ಟು ಸಡಿಲಿಸಿ ಬಂದರು. ಅಕ್ಕ ಎದ್ದು ನಡೆಯುವವರೆಗೂ ಬೆಳಕು ಹಾಗೆಯೇ ಬಂತು.

ಬೆಟ್ಟವನ್ನು ಅಳೆದ ಕಣ್ಣು ಮಸುಕಾಗದಿರಲಿ. ಕ್ರಮವನ್ನು ಬರೆದ ಬೆರಳಿಗೆ ವಿದ್ಯೆ ಹೆಚ್ಚಲಿ. ಮುಖ ಕಾಣದ ದೂರದ ಊರುಗಳಿಂದ ತಾವರೆಯನ್ನೂ ಅಲೆಯನ್ನೂ ಕಳಿಸಿದವರ ಮನೆಗಳಲ್ಲಿ ಸುಖವಿರಲಿ. ಕನ್ನಡಿ ಹಿಡಿದ ತೋಳಿಗೂ ಬೆಳಕನ್ನು ತುಂಬಿಕೊಂಡ ಬೊಗಸೆಗೂ ಪರಮಾತ್ಮ ಒಂದೇ ಅಳತೆಯ ಆಯುಷ್ಯ ಕೊಡಲಿ.