ನೆಮೊತೊನ ಸ್ವಂತ ಚೀಟಿ

ನೆಮೊತೊ ಯಾಸುಜಿಯ ಜೇಬಿನಲ್ಲಿ ಬೆಳಿಗ್ಗೆಯಿಂದ ಒಂದು ಖಾಲಿ ಚೀಟಿ ಇತ್ತು. ಅಂಗೈಯಗಲದ ಹಳದಿ ಕಾಗದ. ತಲೆಯ ಮೇಲೆ ‘ನನ್ನ ಸಲಹೆ’ ಎಂದು ಅಚ್ಚಾಗಿತ್ತು, ಕೆಳಗೆ ನಾಲ್ಕೇ ನಾಲ್ಕು ಗೆರೆ. ಆ ನಾಲ್ಕು ಗೆರೆ ತುಂಬಿಸುವುದಕ್ಕಿಂತ ನಾಲ್ಕು ಗದ್ದೆ ನಾಟಿ ಮಾಡುವುದು ಸುಲಭವೆಂದು ಅವನಿಗೆ ಅನ್ನಿಸುತ್ತಿತ್ತು.

ಊಟದ ಡಬ್ಬಿ ತಯಾರಿಸುವ ನಮ್ಮ ಕಾರ್ಖಾನೆಯಲ್ಲಿ ಇದೊಂದು ಪದ್ಧತಿ. ತಿಂಗಳಿಗೊಂದು ಸಲ ಪ್ರತಿಯೊಬ್ಬರೂ ಕೆಲಸ ಸುಧಾರಿಸುವ ಒಂದು ಉಪಾಯ ಬರೆದು, ಆಫೀಸಿನ ಗೋಡೆಯ ಮೇಲಿರುವ ಸಲಹಾ ಪೆಟ್ಟಿಗೆಗೆ ಹಾಕಬೇಕು. ಕೊನೆಯ ದಿನ ಸಂಜೆ ಐದರ ಸೈರನ್ ಆದ ಮೇಲೆ ಹಾಕಿದ್ದು ಲೆಕ್ಕಕ್ಕಿಲ್ಲ. ಉಪಾಯ ಒಳ್ಳೆಯದಾಗಿದ್ದರೆ ವಿಭಾಗದ ಮುಖ್ಯಸ್ಥರು ಬಾಯಿಮಾತಿನಲ್ಲೇ ಒಪ್ಪಿಗೆ ಕೊಡುತ್ತಾರೆ, ಕೆಲಸ ಅಂದೇ ಮುಗಿಯುತ್ತದೆ. ಚೀಟಿ ಮಾತ್ರ ಪೆಟ್ಟಿಗೆಗೇ ಬೀಳಬೇಕು. ‘ಬೆಳಿಗ್ಗೆ ಹೊಳೆದದ್ದು ಸಂಜೆಗೆ ಜಾರಿ’ ಎಂದು ಸ್ಥಾಪಕರು ಕುಂಚದಲ್ಲಿ ಬರೆದದ್ದನ್ನು ಪೆಟ್ಟಿಗೆಯ ಮೇಲೆಯೇ ಕಟ್ಟು ಹಾಕಿಸಿ ತೂಗುಹಾಕಿದ್ದಾರೆ.

ನೆಮೊತೊ ಇರುವ ಮುಚ್ಚಳ ವಿಭಾಗದಲ್ಲಿ ಹನ್ನೊಂದು ಜನ. ತೊಂಬತ್ತೊಂಬತ್ತು ತಿಂಗಳಿಂದ ಒಂದು ಚೀಟಿಯೂ ತಪ್ಪಿರಲಿಲ್ಲ. ಇದು ನೂರನೆಯ ತಿಂಗಳು, ಇವತ್ತು ಕೊನೆಯ ದಿನ. ಹತ್ತು ಜನರ ಚೀಟಿ ಬಂದಾಗಿತ್ತು. ಉಳಿದ ಒಬ್ಬ ಯಾರೆಂದು ಹೇಳಬೇಕಾಗಿಲ್ಲ.

ಹಾಗಾದರೆ ಇಷ್ಟು ತಿಂಗಳು ನೆಮೊತೊ ಏನು ಬರೆಯುತ್ತಿದ್ದ? ಪಕ್ಕದ ಸ್ಟೂಲಿನಲ್ಲಿ ಕೂತು ಮುಚ್ಚಳಗಳಿಗೆ ರಬ್ಬರ್ ಬಳೆ ಕೂರಿಸುವ ಫುಮಿಯೆ-ಸಾನ್ ಹೇಳಿದ್ದನ್ನು ಬರೆಯುತ್ತಿದ್ದ. ಇಪ್ಪತ್ತನಾಲ್ಕು ವರ್ಷದಿಂದ ಪ್ರತಿ ತಿಂಗಳ ಕೊನೆಗೆ ಆಕೆ ತಲೆ ಎತ್ತದೆ ಒಂದು ಉಪಾಯ ಪಿಸುಗುಟ್ಟುವುದು, ಇವನು ತನ್ನ ವಕ್ರ ಅಕ್ಷರಗಳಲ್ಲಿ ಗೀಚುವುದು. ಸಾಕಿದ ತಾಯಿ ಕೂಡ ಇಷ್ಟು ವರ್ಷ ತುತ್ತು ಮಾಡಿ ಉಣಿಸುವುದಿಲ್ಲ. ಆದರೆ ಆ ಫುಮಿಯೆ-ಸಾನ್ ಅವರಿಗೆ ಇವತ್ತೇ ನಿವೃತ್ತಿ. ನೆಮೊತೊ ಎಂದಿನಂತೆ ಕಿವಿ ಬಗ್ಗಿಸಿದಾಗ ಆಕೆ ತುತ್ತು ಕೊಡಲಿಲ್ಲ.

“ಮುಂದಿನ ತಿಂಗಳು ನಾನಿರಲ್ಲ ನೆಮೊತೊ-ಕುನ್. ಈ ಸಲ ನೀನೇ ಯೋಚನೆ ಮಾಡು. ಒಂದೇ ಒಂದು ಸಾಕು. ನಿನ್ನ ತಲೇಲಿ ಹುಟ್ಟಿದ್ದು ಒಂದು ನೋಡ್ಬಿಟ್ಟು ಮನೆಗೆ ಹೋಗ್ತೀನಿ” ಅಂದರು.

ಐವತ್ತೆರಡು ವರ್ಷದ ನೆಮೊತೊ, ಎಳೆಯರಿಗೆ ಹೇಳುವ ಆ ‘ಕುನ್’ಗೆ ತಕ್ಕಂತೆ, ಶಾಲೆಯ ಹುಡುಗನಂತೆ ತಲೆಯಾಡಿಸಿದ. ಆಕೆಯ ಋಣ ಅವನ ಮೇಲೆ ಬೆಟ್ಟದಷ್ಟಿತ್ತು. ಆಕೆ ಕೇಳಿದ್ದು ಇದೊಂದನ್ನೇ. ಇದನ್ನೂ ಕೊಡದೆ, ಆಕೆಯ ಕೊನೆಯ ದಿನವೇ ನೂರನೆಯ ತಿಂಗಳನ್ನೂ ಕೆಡಿಸಿದರೆ ಯಾವ ಮುಖ ಇಟ್ಟುಕೊಂಡು ಬೀಳ್ಕೊಡುವುದು?

ರೇಡಿಯೋ ಹಾಡಿಗೆ ಸಾಲಾಗಿ ನಿಂತು ಮಾಡುವ ಬೆಳಗಿನ ಕಸರತ್ತಿನಲ್ಲಿ ಎಲ್ಲರೂ ಬಲಕ್ಕೆ ತಿರುಗಿದಾಗ ಯೋಚನೆಯಲ್ಲಿದ್ದ ನೆಮೊತೊ ಎಡಕ್ಕೆ ತಿರುಗಿದ. ಅವನ ಚಾಚಿದ ಕೈ ಮುಖ್ಯಸ್ಥ ಇಗರಾಶಿಯವರ ಕನ್ನಡಕವನ್ನು ಎತ್ತಿ ಹೂಕುಂಡಕ್ಕೆ ಎಸೆಯಿತು. ನೆಮೊತೊ ಸೊಂಟ ಮುರಿಯುವಷ್ಟು ಬಾಗಿ ಕ್ಷಮೆ ಕೇಳಿದ. ಇಗರಾಶಿಯವರು ಕನ್ನಡಕದ ಮಣ್ಣು ಒರೆಸುತ್ತಾ ಒಂದು ಕ್ಷಣ ನಿಂತರು. ಆಮೇಲೆ ಮುಖ ಅರಳಿತು. ಒಬ್ಬೊಬ್ಬರು ನಿಲ್ಲುವ ಜಾಗಕ್ಕೂ ನೆಲದ ಮೇಲೆ ಒಂದೊಂದು ಸುತ್ತು ಬರೆದುಬಿಟ್ಟರೆ ಹೇಗೆ ಎಂದು ತಮಗೆ ತಾವೇ ಹೇಳಿಕೊಂಡು, ಜೇಬಿನಿಂದ ಚೀಟಿ ತೆಗೆದು ನಿಂತಲ್ಲೇ ಬರೆದರು. ಅದು ಆ ತಿಂಗಳಲ್ಲಿ ಅವರ ಎರಡನೆಯ ಸಲಹೆ.

“ನಿಮ್ಮಿಂದ ಉಪಕಾರ ಆಯ್ತು ನೆಮೊತೊ-ಸಾನ್” ಎಂದು ಬಾಗಿ ಹೋದರು.

ಅಷ್ಟು ಹೊತ್ತಿಗೆ ನೆಮೊತೊನ ತಲೆ ಖಾಲಿ ಎಂಬ ಸುದ್ದಿ ಇಡೀ ಕಾರ್ಖಾನೆಗೆ ಹಬ್ಬಿತ್ತು. ನಮ್ಮವರು ಕೆಟ್ಟವರಲ್ಲ, ಒಬ್ಬ ಮುಳುಗುತ್ತಿದ್ದರೆ ಹತ್ತು ಜನ ದಡದಲ್ಲಿ ನಿಂತು ಈಜುವುದು ಹೇಗೆಂದು ಹೇಳಿಕೊಡುತ್ತಾರೆ. ಯಂತ್ರಗಳ ರಿಪೇರಿ ನೋಡಿಕೊಳ್ಳುವ ತೊದೊರೊಕಿ ಮೊದಲು ಬಂದ. ಕೂತರೆ ಏನೂ ಹೊಳೆಯುವುದಿಲ್ಲ, ಸೂರು ನೋಡುತ್ತಾ ನಡೆದಾಡಬೇಕು, ತನ್ನ ಒಳ್ಳೆಯ ಉಪಾಯಗಳೆಲ್ಲ ಹುಟ್ಟಿದ್ದು ಹಾಗೆಯೇ ಎಂದು ಅಪ್ಪಣೆ ಕೊಡಿಸಿದ. ನೆಮೊತೊ ಸೂರು ನೋಡುತ್ತಾ ಆಫೀಸಿಗೆ ಹೋಗುವ ಓಣಿಯಲ್ಲಿ ನಡೆದ. ಆಗಷ್ಟೇ ಒರೆಸಿದ ನೆಲ. ಮುಂದಿನ ಕ್ಷಣದಲ್ಲಿ ಅವನು ಸೂರನ್ನು ಇನ್ನೂ ಚೆನ್ನಾಗಿ, ಅಂಗಾತ ಮಲಗಿಕೊಂಡು ನೋಡುತ್ತಿದ್ದ. ಬಕೆಟ್ಟು ಒಂದು ಕಡೆ, ಎಡಗಾಲಿನ ಬೂಟು ಇನ್ನೊಂದು ಕಡೆ.

ತೊದೊರೊಕಿ ಅವನನ್ನು ಎತ್ತಿ ಕೂರಿಸಿದವನೇ ಓಣಿಯನ್ನು ದಿಟ್ಟಿಸಿದ. ನೆಲ ಒರೆಸಿದಾಗಲೆಲ್ಲ ಈ ಓಣಿಗೆ ಅಡ್ಡ ಹಗ್ಗ ಕಟ್ಟಿ ಜನರನ್ನು ಅಂಗಳದ ಸುತ್ತಿನಿಂದ ಕಳಿಸಬೇಕೆಂದು ಅವನಿಗೆ ಹೊಳೆಯಿತು. ಅವನೂ ಉಪಕಾರ ನೆನೆದು ಚೀಟಿ ಬರೆಯಲು ಓಡಿದ.

ಮಧ್ಯಾಹ್ನ ಊಟದ ಮನೆಯ ಚಿಯೊನೊ-ಸಾನ್ ಸರದಿ. ಬಲಗೈಗೆ ಅಭ್ಯಾಸವಾಗಿಬಿಟ್ಟಿದೆ, ಅದರಿಂದ ಹೊಸದೇನೂ ಹುಟ್ಟಲ್ಲ, ಎಡಗೈಲಿ ಉಂಡು ನೋಡು ಎಂದು ಆಕೆ ಊಟದ ಕಡ್ಡಿಗಳನ್ನು ಎಡಗೈಗೆ ತುರುಕಿದರು. ಎಡಗೈಯಿಂದ ಹೊಸದು ಹುಟ್ಟಿದ್ದು ನಿಜ: ಮಿಸೊ ಸಾರಿನ ಬಟ್ಟಲು ಹೊಸ ದಿಕ್ಕಿಗೆ ಉರುಳಿ ಪ್ಯಾಂಟಿನ ಮೇಲೆ ಬಿತ್ತು. ತೊಳೆದುಕೊಳ್ಳಲು ಬಾಗಿಲು ತಳ್ಳಿಕೊಂಡು ಓಡಿದವನು, ತಟ್ಟೆಗಳ ರಾಶಿ ಹೊತ್ತು ಎದುರು ಬರುತ್ತಿದ್ದ ಚಿಯೊನೊ-ಸಾನ್ ಅವರಿಗೇ ಢಿಕ್ಕಿ ಹೊಡೆದ. ತಟ್ಟೆಗಳ ಸದ್ದು ಅಡಗುವ ಮೊದಲೇ ಆಕೆ, ಈ ಬಾಗಿಲು ಬರೀ ಒಳಗೆ ಬರೋಕೆ, ಹಿತ್ತಲ ಬಾಗಿಲು ಬರೀ ಆಚೆ ಹೋಗೋಕೆ ಎಂದು ಚೀಟಿಗೆ ಬರೆಯುತ್ತಿದ್ದರು. ಬರೆದು ಮುಗಿಸಿ ನೆಮೊತೊನಿಗೆ ಇನ್ನೊಂದು ಬಟ್ಟಲು ಸಾರು ಕೊಟ್ಟರು, ಬೇಡವೆಂದರೂ.

ಎರಡು ಗಂಟೆಗೆ ನೆಮೊತೊ ಬೇರೆ ದಾರಿ ಕಾಣದೆ ಸಲಹಾ ಪೆಟ್ಟಿಗೆಯ ಮುಂದೆ ನಿಂತ. ಜನ ಚೀಟಿಯನ್ನು ಶುರುಮಾಡುವುದಾದರೂ ಹೇಗೆ, ಮೊದಲ ಸಾಲು ನೋಡಿದರೆ ದಾರಿ ಸಿಕ್ಕೀತು ಎಂಬ ಆಸೆ. ಅತ್ತಿತ್ತ ನೋಡಿ ಸೀಳಿನೊಳಗೆ ಕೈ ತೂರಿಸಿದ. ಬೆರಳಿಗೆ ಒಂದು ಚೀಟಿ ಸಿಕ್ಕಿತು, ಮುಷ್ಟಿ ಬಿಗಿದ, ಕೈ ಹೊರಬರಲಿಲ್ಲ. ಸಿಕ್ಕಿದ್ದನ್ನು ಬಿಟ್ಟಿದ್ದರೆ ಕೈ ಬರುತ್ತಿತ್ತೇನೋ, ಬಿಡಲು ಮನಸ್ಸು ಬರಲಿಲ್ಲ. ತೊದೊರೊಕಿ ಎಣ್ಣೆ ತಂದ, ಚಿಯೊನೊ-ಸಾನ್ ಸೋಪು ತಂದರು, ಇಗರಾಶಿಯವರು ಧೈರ್ಯ ತಂದರು. ಕಾಲು ಗಂಟೆ ಕಳೆದ ಮೇಲೆ ನೆಮೊತೊ ಆ ಚೀಟಿಯನ್ನು ಒಳಗೇ ಬಿಟ್ಟು ಕೈ ಬಿಡಿಸಿಕೊಂಡ. ತಪ್ಪಾಯಿತು ಎಂದು ನೆಲಕ್ಕೆ ಹಣೆ ಮುಟ್ಟಿಸುವಷ್ಟು ಬಾಗಿದಾಗ ತಲೆಯ ಮೇಲೆ ಯಾರ ಬೈಗುಳವೂ ಬೀಳಲಿಲ್ಲ. ತಲೆ ಎತ್ತಿ ನೋಡಿದರೆ ತೊದೊರೊಕಿ ಅಳತೆ ಪಟ್ಟಿ ಹಿಡಿದು ಸೀಳನ್ನು ಅಳೆಯುತ್ತಿದ್ದ. ಮೂರು ಗಂಟೆಯೊಳಗೆ ಸೀಳಿಗೆ ಎರಡು ಉಕ್ಕಿನ ಪಟ್ಟಿ ಬಿದ್ದವು. ಮಡಿಕೆಯಿಲ್ಲದ ಒಂದು ಹಾಳೆ ಹೋಗುವಷ್ಟೇ ಸಂದು.

ನಾಲ್ಕೂವರೆಗೆ ನೆಮೊತೊ ತನ್ನ ಜಾಗಕ್ಕೆ ಮರಳಿ ಕೂತ. ಸೊಂಟ ನೋಯುತ್ತಿತ್ತು, ಪ್ಯಾಂಟು ಸಾರಿನ ವಾಸನೆ ಹೊಡೆಯುತ್ತಿತ್ತು, ಮಣಿಕಟ್ಟು ಕೆಂಪಾಗಿತ್ತು. ಫುಮಿಯೆ-ಸಾನ್ ಕೇಳಿದರೆ ಏನು ಹೇಳಲಿ ಎಂದು ಮುಖ ಎತ್ತಲಾರದೆ ನೆಲ ನೋಡುತ್ತಾ ಕೂತ. ಹಾಗೆ ನೆಲ ನೋಡಿದ್ದರಿಂದಲೇ ಅವನಿಗೆ ಆಕೆಯ ಕಾಲು ಕಂಡಿತು.

ಫುಮಿಯೆ-ಸಾನ್ ಕುಳ್ಳು. ಸ್ಟೂಲು ಎತ್ತರ. ಕಾಲು ನೆಲಕ್ಕೆ ಮುಟ್ಟುತ್ತಿರಲಿಲ್ಲ. ಒಂದು ಕಾಲನ್ನು ಮೇಜಿನ ಕೆಳಗಿನ ಕೊಳವೆಗೆ ಸಿಕ್ಕಿಸಿಕೊಂಡಿದ್ದರು, ಇನ್ನೊಂದು ಗಾಳಿಯಲ್ಲಿ ತೂಗುತ್ತಿತ್ತು. ಆಗಾಗ ಕೈ ಇಳಿಬಿಟ್ಟು ಮೀನಖಂಡ ತಿಕ್ಕಿಕೊಳ್ಳುತ್ತಿದ್ದರು. ಇಪ್ಪತ್ತನಾಲ್ಕು ವರ್ಷ ಉಪಾಯಕ್ಕಾಗಿ ಆಕೆಯ ಬಾಯನ್ನೇ ನೋಡುತ್ತಾ ಕೂತಿದ್ದವನು ಒಂದು ದಿನವೂ ಆಕೆಯ ಕಾಲು ನೋಡಿರಲಿಲ್ಲ. ದೀಪದ ಕೆಳಗೇ ಕತ್ತಲು. ನೆಮೊತೊನಿಗೆ ನಾಚಿಕೆಯಾಯಿತು. ಅದರ ಹಿಂದೆಯೇ ಜೀವಮಾನದಲ್ಲಿ ಮೊದಲ ಸಲ ತಲೆಯೊಳಗೆ ಏನೋ ಹೊತ್ತಿಕೊಂಡಿತು.

ಬರೆದ: ‘ಫುಮಿಯೆ-ಸಾನ್ ಕೂರುವ ಸ್ಟೂಲಿನ ಕೆಳಗೆ ಒಂದು ಕಾಲುಮಣೆ ಬೇಕು. ಕಾಲು ನೆಲಕ್ಕೆ ಮುಟ್ಟುವುದಿಲ್ಲ.’ ನಾಲ್ಕು ಗೆರೆಯಲ್ಲಿ ಎರಡೇ ತುಂಬಿತು. ಆದರೂ ಅದು ಅವನದೇ. ಗಂಟೆ ನಾಲ್ಕು ನಲವತ್ತೆಂಟು.

ಓಡಿದ. ಓಣಿಗೆ ಅಡ್ಡ ಹಗ್ಗ ಕಟ್ಟಿತ್ತು. ನೆಲ ಒಣಗಿತ್ತು, ಸುತ್ತ ಒಂದು ನರಪಿಳ್ಳೆಯೂ ಇರಲಿಲ್ಲ, ಕಾಲೆತ್ತಿದರೆ ಹಗ್ಗ ದಾಟಬಹುದಿತ್ತು. ಬೇರೆ ಊರಿನವನಾಗಿದ್ದರೆ ದಾಟುತ್ತಿದ್ದ. ನೆಮೊತೊ ಹಗ್ಗಕ್ಕೆ ತಲೆಬಾಗಿ ಅಂಗಳದ ಕಡೆ ತಿರುಗಿದ. ಅಂಗಳ ಸುತ್ತಿ ಬಂದರೆ ಆಫೀಸಿಗೆ ಹೋಗುವ ದಾರಿಯಲ್ಲಿ ಊಟದ ಮನೆಯ ಹಿತ್ತಲ ಬಾಗಿಲು. ಅದರ ಮೇಲೆ ದೊಡ್ಡ ಬಾಣದ ಗುರುತು: ಬರೀ ಆಚೆ ಹೋಗೋಕೆ. ಮತ್ತೆ ಇಡೀ ಕಟ್ಟಡ ಬಳಸಿ ಮುಂಬಾಗಿಲಿಗೆ ಬಂದು ಒಳಗೆ ನುಗ್ಗಿದ. ಪೆಟ್ಟಿಗೆ ಮುಟ್ಟಿದಾಗ ಐದಕ್ಕೆ ಒಂದು ನಿಮಿಷ ಇತ್ತು. ಮುಷ್ಟಿಯಲ್ಲಿ ಹಿಡಿದು ಓಡಿದ ಚೀಟಿ ಬೆವರಿಗೆ ಮುದುಡಿ ಉಂಡೆಯಾಗಿತ್ತು. ಹೊಸ ಸೀಳು ಅದನ್ನು ಒಳಗೆ ಸೇರಿಸಲಿಲ್ಲ. ಗೋಡೆಗೆ ಒತ್ತಿ ತೀಡಿದ, ತೊಡೆಯ ಮೇಲಿಟ್ಟು ತಿಕ್ಕಿದ. ಸೈರನ್ ಕೂಗಿತು.

ಬೀಗದ ಕೈ ಹಿಡಿದು ನಿಂತಿದ್ದ ಇಗರಾಶಿಯವರು ಗಡಿಯಾರ ನೋಡಿದರು, ನೆಮೊತೊನನ್ನು ನೋಡಿದರು. ಅವರಿಗೂ ಸಂಕಟವೇ. ಪೆಟ್ಟಿಗೆ ಇಳಿಸಿಕೊಂಡು ನಡೆದರು.

ಫುಮಿಯೆ-ಸಾನ್ ಅವರ ಬೀಳ್ಕೊಡುಗೆಗೆಂದು ಎಲ್ಲರೂ ಆಕೆಯ ಮೇಜಿನ ಸುತ್ತ ಸೇರಿದ್ದರು. ಇಗರಾಶಿಯವರು ಪೆಟ್ಟಿಗೆ ತೆರೆದು ಒಂದೊಂದೇ ಚೀಟಿ ಓದಿದರು. ಸುತ್ತು, ಹಗ್ಗ, ಬಾಗಿಲು, ಸೀಳು, ಪ್ರತಿಯೊಂದಕ್ಕೂ ಚಪ್ಪಾಳೆ. ನೆಮೊತೊ ಕಂಬದ ಹಿಂದೆ ನಿಂತು ಕ್ಷಮೆ ಕೇಳುವ ಮಾತನ್ನು ಮನಸ್ಸಿನಲ್ಲಿ ಜೋಡಿಸುತ್ತಿದ್ದ. ಅಷ್ಟರಲ್ಲಿ ಇಗರಾಶಿಯವರು ತಳದಿಂದ ಒಂದು ಮುದುಡಿದ ಚೀಟಿ ತೆಗೆದರು. ಯಾರೋ ಮುಷ್ಟಿಯಲ್ಲಿ ಹಿಂಡಿದಂತಿತ್ತು. ಬಿಡಿಸಿ ಓದಿದರು:

“ನೆಮೊತೊ ಯಾಸುಜಿ. ಎತ್ತರದ ಸ್ಟೂಲಿಗೆ ಒಂದು ಕಾಲುಮಣೆ ಮಾಡಿಸಬೇಕು.”

ನೂರನೆಯ ತಿಂಗಳು ಪೂರ್ತಿಯಾಗಿತ್ತು. ಚಪ್ಪಾಳೆಯ ನಡುವೆ ನೆಮೊತೊ ಬೆಪ್ಪನಂತೆ ಫುಮಿಯೆ-ಸಾನ್ ಕಡೆ ನೋಡಿದ. ಆಕೆ ಸೂರು ನೋಡುತ್ತಿದ್ದರು.

“ಬೆಳಿಗ್ಗೆ ಟೀ ಹೊತ್ತಿಗೇ ಹಾಕ್ಬಿಟ್ಟೆ” ಎಂದರು ಮೆಲ್ಲಗೆ. “ನಿನ್ನ ಅಕ್ಷರದ ಥರ ಬರೆಯೋಕೆ ಮೂರು ಚೀಟಿ ಹಾಳಾಯ್ತು. ನನಗೋಸ್ಕರ ಕೇಳೋಕೆ ಇಷ್ಟು ವರ್ಷ ಸಂಕೋಚ. ಅದಕ್ಕೇ ಅದೊಂದನ್ನ ನಿನಗೆ ಅಂತ ಉಳಿಸಿಟ್ಟಿದ್ದೆ. ನಿನ್ನನ್ನ ನಂಬಲಿಲ್ಲ ಅಂತ ಬೇಜಾರಾಗ್ಬೇಡ.”

ನೆಮೊತೊ ಬೆವರಲ್ಲಿ ನೆನೆದ ತನ್ನ ಚೀಟಿಯನ್ನು ಆಕೆಯ ಕೈಗಿಟ್ಟ. ಫುಮಿಯೆ-ಸಾನ್ ಓದಿದರು. ಕನ್ನಡಕ ತೆಗೆದು ಒರೆಸಿ ಮತ್ತೆ ಓದಿದರು.

“ನನ್ನ ಹೆಸರೂ ಬರ್ದಿದ್ದೀಯ” ಅಂದರು.

ಇಗರಾಶಿಯವರು ಇಣುಕಿ ನೋಡಿ, ಇದನ್ನು ಮುಂದಿನ ತಿಂಗಳಿಗೆ ಹಾಕುವ ಹಾಗಿಲ್ಲ, ಒಬ್ಬನೇ ಮನುಷ್ಯ ಒಂದೇ ಉಪಾಯವನ್ನು ಎರಡು ಸಲ ಕೊಡಬಾರದೆಂದು ನಿಯಮವಿದೆ ಎಂದು ವಿನಯದಿಂದಲೇ ತಿಳಿಸಿದರು. ಅಲ್ಲಿಗೆ ನೆಮೊತೊನ ಜೀವಮಾನದ ಒಂದೇ ಸ್ವಂತ ಉಪಾಯ, ಅವನ ಹೆಸರಿನಿಂದಲೇ ರದ್ದಾಯಿತು.

ಸಂಜೆಗೆ ಜಾರಿ ಎಂದರೆ ಜಾರಿ. ತೊದೊರೊಕಿ ಹತ್ತು ನಿಮಿಷದಲ್ಲಿ ಹಲಗೆ ಕೊಯ್ದು ಕಾಲುಮಣೆ ತಂದು ಸ್ಟೂಲಿನ ಮುಂದೆ ಇಟ್ಟ. ಫುಮಿಯೆ-ಸಾನ್ ಕೊನೆಯ ಸಲ ಸ್ಟೂಲು ಹತ್ತಿ ಕೂತು ಎರಡು ಪಾದವನ್ನೂ ಅದರ ಮೇಲೆ ಊರಿದರು. “ಹಾಯಾಗಿದೆ” ಎಂದರು. ನಾಲ್ಕು ಮಾತಾಡಿ ಎಂದು ಎಲ್ಲರೂ ನೆಮೊತೊನನ್ನು ಮುಂದಕ್ಕೆ ತಳ್ಳಿದರು. ಇಪ್ಪತ್ತನಾಲ್ಕು ವರ್ಷದ ಋಣವನ್ನು ಯಾವ ಮಾತಿನಲ್ಲಿ ಹೇಳುವುದು? ಕಣ್ಣು ಮಂಜಾಗಿತ್ತು. ತುಂಬಾ ತುಂಬಾ ಉಪಕಾರ ಮಾಡಿದ್ದೀರಿ ಎನ್ನುತ್ತಾ ಒಂದು ಹೆಜ್ಜೆ ಮುಂದಿಟ್ಟು ಬಾಗಲು ಹೋದವನು ಆ ಕಾಲುಮಣೆಯನ್ನೇ ಎಡವಿ, ಮುಚ್ಚಳಗಳ ಬುಟ್ಟಿಯೊಳಗೆ ಮುಖವಿಟ್ಟು ಬಿದ್ದ.

ಸುತ್ತಲೂ ಪೆನ್ನು ತೆರೆಯುವ ಸದ್ದು ಕೇಳಿಸಿತು. ಎಲ್ಲರಿಗಿಂತ ಮೊದಲು ಬರೆದು ಮುಗಿಸಿದ್ದು ಫುಮಿಯೆ-ಸಾನ್. ಸ್ಟೂಲಿನಿಂದ ಇಳಿದು ಬಂದು, ಇನ್ನೂ ಬುಟ್ಟಿಯಲ್ಲೇ ಇದ್ದ ನೆಮೊತೊನ ಜೇಬಿಗೆ ಆ ಚೀಟಿ ಸೇರಿಸಿದರು.

“ಮುಂದಿನ ತಿಂಗಳಿಗೆ ಇಟ್ಕೊ” ಅಂದರು.