ಸಮುದ್ರದ ತಳ ನೋಡಲು ಹೋದ ಬೆಳ್ಯಪ್ಪ ಗೌಡರು

"ರಾಮೇಶ್ವರಕ್ಕೆ ಹೋಗಿ ತಲೆ ಮುಳುಗಿಸಿ ಬರುವವ ನಾನಲ್ಲ. ಸಮುದ್ರದ ತಳವನ್ನೇ ನೋಡಿ ಬರುವವ!"

ಅರವತ್ತೆರಡನೇ ಇಸವಿಯಲ್ಲಿ ಕೊಲ್ಲಮೊಗ್ರಿನ ಬೆಳ್ಯಪ್ಪ ಗೌಡರು ಹೀಗೆ ಘೋಷಿಸಿದಾಗ ಹೆಂಡತಿ ದೇವಮ್ಮ ಕೇಳಿದರು: "ತಳ ನೋಡಿದವರು ವಾಪಸು ಬರುದುಂಟಾ?"

ಗೌಡರ ಗತ್ತಿಗೆ ಕಾರಣ ಅವರ ಹೊಸ ಹಲ್ಲುಗಳು. ಮಗಳು ಪಂಕಜಾಕ್ಷಿಯನ್ನು ನೋಡಲು ಕಡಬದಿಂದ ಗಂಡಿನ ಕಡೆಯವರು ಬರುವವರಿದ್ದರು. ಬೊಚ್ಚು ಬಾಯಿಯ ಬೀಗ ಎನಿಸಿಕೊಳ್ಳಬಾರದೆಂದು ಗೌಡರು ಪುತ್ತೂರಿಗೆ ಹೋಗಿ ಮೇಲೂ ಕೆಳಗೂ ಹಲ್ಲು ಕಟ್ಟಿಸಿಕೊಂಡಿದ್ದರು.

ರಾಮೇಶ್ವರದಲ್ಲಿ ಪೂಜೆ ಮುಗಿಯಿತು. ಮರುದಿನ ಗಂಡ ಹೆಂಡತಿ ಇಬ್ಬರೂ ಹವಳದ ದಿಬ್ಬ ನೋಡಲು ದೋಣಿ ಹತ್ತಿದರು. ಭಾಷೆ? ಗೌಡರಿಗೆ ಅದೊಂದು ಲೆಕ್ಕವೇ! "ಮಲಯಾಳವನ್ನು ಗಟ್ಟಿಯಾಗಿ ಹೇಳಿದ್ರೆ ತಮಿಳು ಆಗ್ತದೆ" ಎಂದರು. ದೋಣಿಯವ ಎಲ್ಲದಕ್ಕೂ ತಲೆಯಾಡಿಸಿದ.

ಒಂದು ದ್ವೀಪದ ಹತ್ತಿರ ಅವನು ತಳಕ್ಕೆ ಗಾಜು ಕೂರಿಸಿದ ಮರದ ಪೆಟ್ಟಿಗೆಯೊಂದನ್ನು ನೀರಿಗೊತ್ತಿ, ಒಳಗೆ ಇಣುಕುವಂತೆ ಸನ್ನೆ ಮಾಡಿದ.

"ಗಾಜು ನಿನಗೇ ಇರಲಿ. ನನಗೆ ಕಣ್ಣುಂಟು!" ಎಂದು ಗೌಡರು ದೋಣಿಯಂಚಿನಿಂದ ಬಾಗಿದರು.

ದೇವಮ್ಮ ಪೆಟ್ಟಿಗೆಯೊಳಗೆ ಮುಖವಿಟ್ಟವರು ಹಾಗೇ ನಿಂತುಬಿಟ್ಟರು. ಕಡವೆಯ ಕೊಂಬಿನಂಥ ಹವಳ, ಮೊಸರುಗಡಿಗೆಯಷ್ಟು ದಪ್ಪದ ಹವಳ, ನಡುನಡುವೆ ಅರಸಿನ ಬಣ್ಣದ ಮೀನುಗಳು! "ಅಯ್ಯೋ ದೇವರೇ, ಇಲ್ಲೊಂದು ಮೀನು ಕಲ್ಲನ್ನೇ ಕಚ್ಚಿ ತಿಂತಾ ಉಂಟು. ಎಂಥ ಹಲ್ಲು!"

"ಎಲ್ಲಿ?" ಎಂದು ಗೌಡರು ಇನ್ನಷ್ಟು ಬಾಗಿದರು. ಒಂದು ಅಲೆ ಬಂತು. ಉಪ್ಪುನೀರು ಮೂಗಿಗೆ ಹೊಕ್ಕಿತು. ಆಕ್ಷೀ!

ಬ್ರಹ್ಮಾಂಡವೇ ಸೀನಿದಂಥ ಸೀನು! ಮೇಲಿನದೂ ಕೆಳಗಿನದೂ ಜೋಡಿಯಾಗಿ ಜಲಪ್ರವೇಶ ಮಾಡಿದವು.

"ಓಯ್, ನಿಮ್ಮ ಹಲ್ಲು ಹವಳದ ಮೇಲೆ ಕೂತು ನಗಾಡ್ತಾ ಉಂಟು!" ಎಂದು ದೇವಮ್ಮ ಪೆಟ್ಟಿಗೆಯೊಳಗಿಂದಲೇ ಕೂಗಿದರು.

ಗೌಡರು ಬಾಯಿ ಮುಟ್ಟಿ ನೋಡಿಕೊಂಡರು. "ಹೋಣಿ ನಿಯ್ಯಿಹು!" ಎಂದು ಅರಚಿದರು. ಅದು ತಮಿಳೂ ಅಲ್ಲ, ಮಲಯಾಳವೂ ಅಲ್ಲ, ಹಲ್ಲಿಲ್ಲದ ಬಾಯಿಯ 'ದೋಣಿ ನಿಲ್ಲಿಸು'. ದೋಣಿಯವ ಇದಕ್ಕೂ ತಲೆಯಾಡಿಸಿ ಹುಟ್ಟು ಹಾಕತೊಡಗಿದ! ದೇವಮ್ಮ ಅವನ ಕೈ ಹಿಡಿದು ನಿಲ್ಲಿಸಿ ನೀರೊಳಗೆ ತೋರಿಸಿದರು. ಅವನು ನೋಡಿದ. ಹಲ್ಲಿನ ಸುತ್ತ ಕರಿಮುಳ್ಳಿನ ಉಂಡೆಗಳಂಥ ಜೀವಿಗಳು. ಚುಚ್ಚಿದರೆ ಕೈಯೇ ಊದುತ್ತದೆಂದು ಸನ್ನೆ ಮಾಡಿ ಹಿಂದೆ ಸರಿದ.

ಗೌಡರು ತಾವೇ ಹಾರಲು ಎದ್ದರು. ದೇವಮ್ಮ ಅವರ ಪಂಚೆ ಹಿಡಿದೆಳೆದರು. "ಹಲ್ಲು ನಿಮ್ಮದಾದ್ರೆ ತಾಳಿ ನನ್ನದು! ಕೂತುಕೊಳ್ಳಿ!"

ಇನ್ನು ಉಳಿದದ್ದು ದೋಣಿಯ ಗಳ. ಗೌಡರು ಅದನ್ನು ಇಳಿಸಿ, ಬೆವರಿ, ತಡಕಿ, ಬಹಳ ಹೊತ್ತು ಹೋರಾಡಿದರು. ಕೊನೆಗೆ ಗಳ ಹಲ್ಲಿಗೆ ತಾಗಿತು. ಹಲ್ಲು ಮೆಲ್ಲಗೆ ಜಾರಿ ಹವಳದ ಬಿರುಕಿನೊಳಗೆ ಹೋಗಿ ಮಾಯವಾಯಿತು!

ಊರು ಮುಟ್ಟುವವರೆಗೆ ಗೌಡರು ಬಾಯಿಗೆ ಅಡ್ಡ ಹಿಡಿದ ಶಾಲು ತೆಗೆಯಲಿಲ್ಲ. ಹೊಸ ಹಲ್ಲಿಗೆ ತಿಂಗಳು ಬೇಕು ಎಂದರು ಪುತ್ತೂರಿನ ಡಾಕ್ಟ್ರು. ಗಂಡಿನ ಕಡೆಯವರೋ ಆ ವಾರವೇ ಜೀಪಿನಲ್ಲಿ ಬಂದಿಳಿದರು. ಮಗಳ ಭಾಗ್ಯ ತಮ್ಮ ಒಸಡಿನಲ್ಲಿ ಕರಗಿತೆಂದು ಗೌಡರು ಮೂಲೆಯ ಕುರ್ಚಿಯಲ್ಲಿ ಕುಸಿದು ಕೂತರು. ಶಾಲು ಮೂಗಿನವರೆಗೂ ಏರಿತ್ತು.

"ಸಮುದ್ರದಡಿ ನೋಡಿ ಬಂದ್ರಂತೆ. ಎಂತ ಎಲ್ಲ ಕಂಡಿತು ಗೌಡ್ರೆ?" ಎಂದು ಗಂಡಿನ ತಂದೆ ಕೇಳಿದರು.

ಗೌಡರು ಕಣ್ಣು ಮುಚ್ಚಿಕೊಂಡರು. ಕಾಫಿ ತಂದ ದೇವಮ್ಮ ಲೋಟ ಇಟ್ಟು, ಸೀನಿನಿಂದ ಗಳದವರೆಗೆ ಒಂದೂ ಬಿಡದೆ ಹೇಳಿಬಿಟ್ಟರು!

"ಹಲ್ಲು ಹೋದ್ದಕ್ಕೆ ನನಗೇನೂ ಬೇಜಾರಿಲ್ಲ ಮಾರಾಯ್ರೆ. ಮದುವೆ ಆದ ಮೇಲೆ ಇವರ ಹಲ್ಲು ನನ್ನ ಮುಖ ನೋಡಿ ಅಷ್ಟು ಹೊತ್ತು ನಗಾಡಿದ್ದು ಅದೇ ಮೊದಲು!"

ಗಂಡಿನ ತಂದೆ ನಕ್ಕರು. ಹೊಟ್ಟೆ ಹಿಡಿದುಕೊಂಡು ನಕ್ಕರು. ನಗುನಗುತ್ತಲೇ ಗಾಬರಿಯಿಂದ ಎರಡೂ ಕೈಗಳಿಂದ ಬಾಯಿ ಮುಚ್ಚಿಕೊಂಡರು.

"ಸಾಕಕ್ಕಾ, ಸಾಕು! ಸಂಬಂಧ ಒಪ್ಪಿಗೆ, ಇನ್ನು ನಗಿಸಬೇಡಿ. ನನ್ನದೂ ಕಟ್ಟಿಸಿದ್ದೇ!"