ಗೌಸ್‌ಸಾಬನ ಅಂಪೈರ್‌ಗಿರಿ, ಮುದುಕಪ್ಪನ ಲಾಭ

"ಬರೋ ಐತವಾರದಿಂದ ಈ ಗೌಸ್‌ಸಾಬನ ಮಾತಿಗೆ ಎದುರು ಮಾತಿಲ್ಲ! ಬರ್ಕೊಂಡು ಇಟ್ಕೊ!" ಎಂದು ಗೌಸ್‌ಸಾಬ್ ತನ್ನ ಮನೆಯ ಪಡಸಾಲೆಯಲ್ಲಿ ನಿಂತು ಗುಡುಗಿದ.

"ಒಲಿ ಮ್ಯಾಲ ಹಾಲು ಉಕ್ಕಾಕತ್ತೈತಿ. ಮೊದ್ಲು ಅದಕ್ಕ ಹೇಳ್ರಿ, ಕೇಳತೈತೇನು ನೋಡೋಣು," ಎಂದಳು ಹೆಂಡತಿ ಇಮಾಮ್‌ಬೀ.

ಸಿಂಧನೂರಿನ ಭತ್ತದ ಬಜಾರದಲ್ಲಿ ಇಪ್ಪತ್ತೆರಡು ವರ್ಷ ಕಾಟಾ ಹಿಡಿದು ಚೀಲ ತೂಗಿದವನು ಗೌಸ್‌ಸಾಬ್. ಆದರೆ ಅವನ ತೂಕವನ್ನು ಒಂದೇ ಮಾತಿಗೆ ಒಪ್ಪಿದ ಗಂಡಸು ಇನ್ನೂ ಹುಟ್ಟಿರಲಿಲ್ಲ. ರೈತ ಕಡಿಮೆ ಎನ್ನುತ್ತಿದ್ದ, ಸಾವುಕಾರ ಹೆಚ್ಚು ಎನ್ನುತ್ತಿದ್ದ. ಗೌಸ್‌ಸಾಬ್ ಇಬ್ಬರ ಮೇಲೂ ಏರಿ ಹೋಗುತ್ತಿದ್ದ. ಅಂಥವನಿಗೆ ಲಿಂಗಸುಗೂರಿನ ಮುಷರಫ್ ಮಾಸ್ತರು ಸಿಕ್ಕರು. ಹುಡುಗರಿಗೆ ಬೇಸ್‌ಬಾಲ್ ಕಲಿಸುವ ಅವರಿಗೆ ಪಂದ್ಯ ನಡೆಸಲು ಅಂಪೈರ್ ಬೇಕಾಗಿತ್ತು.

"ಗೌಸ್‌ಭಾಯಿ, ನಿಮಗ ಗಂಟಲು ಐತಿ. ಅಂಪೈರ್ ಆಗ್ರಿ. ಅಲ್ಲಿ ಅಂಪೈರ್ ಹೇಳಿದ್ದೇ ಕೊನೀ ಮಾತು. ಎದುರಾಡಿದಾಂವನ್ನ ಮೈದಾನದಿಂದಾನ ಹೊರಗ ಹಾಕಬಹುದು."

ಹೊರಗೆ ಹಾಕಬಹುದು! ಗೌಸ್‌ಸಾಬನಿಗೆ ನಿಂತ ನಿಲುವಿನಲ್ಲೇ ಜನ್ನತ್ ಕಂಡಿತು.

ಮಾಸ್ತರು ಅಭ್ಯಾಸಕ್ಕೆಂದು ಕಬ್ಬಿಣದ ಸರಳಿನ ಹಳೆಯ ಮುಖವಾಡ ಕೊಟ್ಟರು. ಚೆಂಡು ಬಂದಾಗ ಕಣ್ಣು ಮಿಟುಕಿಸಬಾರದು, ಯಾರನ್ನೂ ಬೈಯಬಾರದು, ಬ್ಯಾಟು ಬೀಸಿಯೂ ತಾಗದ ಪ್ರತಿ ಚೆಂಡಿಗೂ 'ಸ್ಟ್ರೈಕ್' ಎಂದು ಲೆಕ್ಕ ಸ್ಪಷ್ಟವಾಗಿ ಕೂಗಬೇಕು. ಭಾನುವಾರ ಲಿಂಗಸುಗೂರಿನಲ್ಲಿ ನಡೆಯುವ ಪರೀಕ್ಷೆಯಲ್ಲಿ ಇವುಗಳಲ್ಲಿ ಒಂದು ತಪ್ಪಿದರೂ ಮತ್ತೆ ಈ ಕಡೆ ತಲೆ ಹಾಕುವಂತಿಲ್ಲ ಎಂದರು.

ಗುರುವಾರ ಮಟಮಟ ಮಧ್ಯಾಹ್ನ. ಮಾಲೆಲ್ಲ ಮಾರಾಟವಾಗಿ ಬಜಾರದ ಗೋದಾಮು ಖಾಲಿ ಬಿದ್ದಿತ್ತು. ಗೌಸ್‌ಸಾಬ್ ಒಳಗೆ ಹೋಗಿ ಬಾಗಿಲು ಎಳೆದುಕೊಂಡ. ತಗಡಿನ ತೂತುಗಳಿಂದ ಬಿಸಿಲು ಕೋಲುಕೋಲಾಗಿ ಇಳಿದಿತ್ತು. ದಿನವೂ ಕಿಚಪಿಚ ಎನ್ನುವ ಗುಬ್ಬಿಗಳಲ್ಲಿ ಅಂದು ಒಂದೂ ಇರಲಿಲ್ಲ. ಮುಖವಾಡ ಹಾಕಿಕೊಂಡು ಕುಕ್ಕರಗಾಲಲ್ಲಿ ಕುಳಿತರೆ ಅವನ ಉಸಿರು ಅವನ ಕಿವಿಗೇ ಬೇರೆ ಯಾರದೋ ಎಂಬಂತೆ ಕೇಳಿಸಿತು. ಇಲ್ಲದ ಹುಡುಗ ಇಲ್ಲದ ಚೆಂಡು ಎಸೆದ.

"ಸ್ಟ್ರೈಕ್! ಲಾಭ!"

ಗೌಸ್‌ಸಾಬ್ ತನ್ನ ಬಾಯಿಗೆ ತಾನೇ ಹೊಡೆದುಕೊಂಡ. ಬಜಾರದಲ್ಲಿ ಮೊದಲ ಚೀಲಕ್ಕೆ ಯಾರೂ 'ಒಂದು' ಎನ್ನುವುದಿಲ್ಲ. ಶುಭವಾಗಲೆಂದು ಲಾಭ, ಎರಡು, ಮೂರು ಎಂದೇ ಎಣಿಕೆ. ಆ ನಾಲಿಗೆಯನ್ನು ಬಗ್ಗಿಸಬೇಕಿತ್ತು.

"ಸ್ಟ್ರೈಕ್! ಒಂದು!"

"ಲಾಭ," ಎಂದಿತು ಕಫ ಕಟ್ಟಿದ ಒಂದು ದನಿ.

ಗೌಸ್‌ಸಾಬ್ ಮುಖವಾಡ ಮೇಲೆತ್ತಿ ಸುತ್ತ ನೋಡಿದ. ಯಾರೂ ಇರಲಿಲ್ಲ. ಆ ದನಿ ಅವನಿಗೆ ಗೊತ್ತಿತ್ತು. ಅವನಿಗೆ ಕಾಟಾ ಕಲಿಸಿದ, ಇದೇ ಗೋದಾಮಿನಲ್ಲಿ ಎಣಿಸುತ್ತ ಎಣಿಸುತ್ತಲೇ ಚೀಲದ ಮೇಲೆ ಒರಗಿ ಸತ್ತ ಮುದುಕಪ್ಪ ತಾತನ ದನಿ! ಆತ ಸತ್ತು ಮೂರು ವರ್ಷವಾಗಿತ್ತು. ಬೇರೆಯವರಾಗಿದ್ದರೆ ಓಡಿಬಿಡುತ್ತಿದ್ದರು. ಗೌಸ್‌ಸಾಬನಿಗೆ ಹೆದರಿಕೆಗಿಂತ ಮೊದಲು ಸಿಟ್ಟು ಬಂತು.

"ಒಂದು!"

"ಲಾಭ."

"ಒಂದು ಅಂದ್ರ ಒಂದು!"

"ಲಾಭಲೇ ಮಗನ," ಎಂದಿತು ದನಿ, ಕಿವಿಯ ತೀರಾ ಹತ್ತಿರದಲ್ಲಿ.

ಆಗ ಓಡಿದ.

ಇಮಾಮ್‌ಬೀ ಎಲ್ಲವನ್ನೂ ಕೇಳಿ ಹಣೆ ಬಡಿದುಕೊಂಡಳು. "ಯಾ ಅಲ್ಲಾ! ನಿಮಗ ಎದುರು ಹೇಳಾಕ ನಾ ಒಬ್ಬಾಕಿ ಸಾಲದೇನು? ಸತ್ತೋರೂ ಎದ್ದು ಬಂದಾರ!"

ಮರುದಿನ ಮಧ್ಯಾಹ್ನ ಅವಳೇ ಲೋಬಾನದ ಧೂಪ ಹಚ್ಚಿಕೊಂಡು ಬಂದು ಗೋದಾಮಿನ ಬಾಗಿಲಲ್ಲಿ ಕುಳಿತಳು. ಗೌಸ್‌ಸಾಬ್ "ಒಂದು" ಎಂದ. "ಲಾಭ" ಎಂದಿತು. ಹತ್ತು ಸಲ ಹೀಗೇ ನಡೆಯಿತು.

"ಕೇಳಿದೇನು? ಎಲ್ಲಿಂದ ಬರಾಕತ್ತೈತಿ ಹೇಳು!"

ಇಮಾಮ್‌ಬೀಯ ಮುಖ ಸುಣ್ಣದಂತಾಗಿತ್ತು. "ಎರಡೂ ನಿಮ್ಮ ಬಾಯಾಗ ಬಂದ್ವುರೀ," ಎಂದಳು ಮೆಲ್ಲಗೆ. "ನಿಮ್ಮ ತುಟಿ ನೋಡಿದೆ. ತುಟಿ ನಿಮ್ಮವು. ದನಿ ನಿಮ್ಮದಲ್ಲ."

ಭಾನುವಾರ ಇಬ್ಬರೂ ಲಿಂಗಸುಗೂರು ಬಸ್ಸು ಹತ್ತಿದರು. ಗೌಸ್‌ಸಾಬ್ ಮುಖವಾಡವನ್ನು ತೊಡೆಯ ಮೇಲಿಟ್ಟುಕೊಂಡು "ಒಂದು, ಒಂದು, ಒಂದು" ಎಂದು ಗೊಣಗುತ್ತಿದ್ದ. ಪಕ್ಕದಲ್ಲಿ ಕುಳಿತಿದ್ದಾತ ಅವನ ಬಾಯನ್ನೇ ನೋಡುತ್ತ ನೋಡುತ್ತ ಮಸ್ಕಿ ಬಂದ ಕೂಡಲೇ ಇಳಿದುಬಿಟ್ಟ. ಅವನ ಟಿಕೆಟು ಲಿಂಗಸುಗೂರಿನದಾಗಿತ್ತು!

ಮೈದಾನದಲ್ಲಿ ಹುಡುಗರು ಸಜ್ಜಾಗಿದ್ದರು. ಮುಷರಫ್ ಮಾಸ್ತರು ಪೆನ್ನು, ಹಾಳೆ ಹಿಡಿದು ನಿಂತಿದ್ದರು. ಗೌಸ್‌ಸಾಬ್ ಮುಖವಾಡ ಕಟ್ಟಿಕೊಂಡು, ಚೆಂಡು ಹಿಡಿಯುವ ಹುಡುಗನ ಹಿಂದೆ ಬಗ್ಗಿ ನಿಂತ. ಚೆಂಡು ಗುಂಡಿನಂತೆ ಬಂತು. ಆಡುವವನ ಬ್ಯಾಟಿಗೆ ತಾಗಲಿಲ್ಲ. ಗೌಸ್‌ಸಾಬ್ ಕಣ್ಣು ಮಿಟುಕಿಸಲಿಲ್ಲ. ಅದೂ ಒಂದು ಪವಾಡವೇ!

"ಸ್ಟ್ರೈಕ್! ಒಂದು!"

"ಲಾಭ."

ಹುಡುಗರು ತಿರುಗಿ ನೋಡಿದರು. ಮಾಸ್ತರ ಪೆನ್ನು ನಿಂತಿತು.

"ಒಂದು!" ಗೌಸ್‌ಸಾಬ್ ಹಲ್ಲು ಕಚ್ಚಿದ.

"ಲಾಭ ಅನ್ನಲೇ, ಕಲಿಸಿದ್ದು ಮರ್ತೀಯೇನು!"

ಗೌಸ್‌ಸಾಬನ ನೆತ್ತಿಗೆ ಬೆಂಕಿ ಬಿತ್ತು. ಇಪ್ಪತ್ತೆರಡು ವರ್ಷದ ಸಿಟ್ಟೆಲ್ಲ ಒಟ್ಟಿಗೆ ಎದ್ದು ಬಂತು. ಗೇಟಿನ ಕಡೆ ಕೈ ಚಾಚಿ, ತಾಲೂಕಿಗೆಲ್ಲ ಕೇಳುವಂತೆ ಕೂಗಿದ: "ಅಂಪೈರ್‌ಗೆ ಎದುರು ಮಾತಾಡ್ತೀಯೇನು? ಔಟ್! ಮೈದಾನ ಬಿಟ್ಟು ನಡಿ!"

ಹುಡುಗರು ಗೇಟಿನ ಕಡೆ ತಿರುಗಿದರು. ಹೊರಗೆ ಹೋಗುವವರು ಯಾರೂ ಕಾಣಲಿಲ್ಲ. ಮಾಸ್ತರು ನಿಧಾನವಾಗಿ ಹತ್ತಿರ ಬಂದರು.

"ಎದುರು ಮಾತಾಡಿದಾಂವ ಯಾರು, ಗೌಸ್‌ಭಾಯಿ?"

"ನಾ ಅಲ್ಲರೀ, ಮುದುಕಪ್ಪ..."

"ಬಾಯಿ ಯಾರದು?"

ಗೌಸ್‌ಸಾಬ್ ಮುಖವಾಡದ ಸರಳಿನೊಳಗೆ ಬೆರಳು ತೂರಿಸಿ ತನ್ನ ತುಟಿ ಮುಟ್ಟಿ ನೋಡಿಕೊಂಡ.

"ಅಂಪೈರ್ ಹೇಳಿದ್ದು ಕೊನೀ ಮಾತು. ನೀವ ಹೊರಗ ಹಾಕೀರಿ, ನೀವ ಹೊರಗ ಹೋಗ್ರಿ. ಮುಖವಾಡ ಇಲ್ಲಿ ಕೊಡ್ರಿ."

ಎರಡೂ ತಂಡದ ಹುಡುಗರು ಒಂದೇ ಮಾತಿಗೆ ಆ ತೀರ್ಪು ಒಪ್ಪಿ ದಾರಿ ಬಿಟ್ಟರು. ಜೀವಮಾನದಲ್ಲಿ ಮೊದಲ ಸಲ ಗೌಸ್‌ಸಾಬನ ಮಾತಿಗೆ ಯಾರೂ ತಕರಾರು ಮಾಡಲಿಲ್ಲ!

ಗೇಟಿನ ಆಚೆ ಬೇವಿನ ನೆರಳಲ್ಲಿ ಇಮಾಮ್‌ಬೀ ಕಾಯುತ್ತಿದ್ದಳು. ಒಳಗೆ ಮಾಸ್ತರೇ ಮುಖವಾಡ ಹಾಕಿಕೊಂಡು ಆಟ ಮುಂದುವರಿಸಿದರು. ಚೆಂಡು ಕೈಗವಸಿಗೆ ಬಡಿದ ಸದ್ದು ಕೇಳಿಸಿತು.

"ಸ್ಟ್ರೈಕ್!" ಎಂದರು ಮಾಸ್ತರು. ಅದರ ಬೆನ್ನಿಗೇ ಅವರ ಮುಖವಾಡದೊಳಗಿಂದಲೇ ಅದೇ ಕಫ ಕಟ್ಟಿದ ದನಿ: "ಲಾಭ!"

ಗಂಡ ಹೆಂಡತಿ ಒಬ್ಬರ ಮುಖ ಒಬ್ಬರು ನೋಡಿದರು. ಒಳಗೆ ಯಾವ ಹುಡುಗನೂ ನಗಲಿಲ್ಲ.

ಇಮಾಮ್‌ಬೀ ಸೆರಗು ತಲೆಯ ಮೇಲೆ ಎಳೆದುಕೊಂಡು ಎದ್ದಳು. "ನಡೀರಿ ಬಸ್ಸಿಗೆ. ನಿಮ್ಮ ಮಾತು ಕೇಳಿ ಹೊರಗ ಬಂದೋರು ನೀವೊಬ್ಬರ!"